ಹಿತ್ತಲ ಬಾಗಿಲು

ಮುಂದೆ ಹೋಗುತ್ತಿದ್ದ ಆಸಾಮಿ ಗಕ್ಕನೆ ತಿರುಗಿ ನೋಡಿದ. ಪತ್ತೇದಾರ ಬಗ್ಗಿ ಬೂಟಿನ ದಾರ ಕಟ್ಟುವವನಂತೆ ನಟಿಸಿದ. ಆಸಾಮಿ ಮತ್ತೆ ನಡೆದ. ಮತ್ತೊಂದು ಓಣಿ, ಮತ್ತೊಂದು ತಿರುವು.

ಪತ್ತೇದಾರನದು ಹದ್ದಿನ ಕಣ್ಣು. ಕಿವಿ ಅದಕ್ಕಿಂತ ಚುರುಕು. ಕೆಮ್ಮು ಕೇಳಿಯೇ ಆಳು ಯಾರೆಂದು ಹೇಳುತ್ತಿದ್ದ. ದಿಕ್ಕಿನ ವಿಷಯದಲ್ಲಿ ಮಾತ್ರ ದೊಡ್ಡ ಸೊನ್ನೆ. ಸ್ವಂತ ಮನೆಗೂ ಅವನಿಗೆ ಗೊತ್ತಿದ್ದದ್ದು ಒಂದೇ ದಾರಿ: ಬಸ್ಸಿಳಿದು, ಔಷಧಿ ಅಂಗಡಿ ದಾಟಿ, ಸೀದಾ. ಕಚೇರಿಯಲ್ಲಿ ಅವನಿಗಿಟ್ಟ ಹೆಸರು ದಿಕ್ಸೂಚಿ. ಹೋದ ಸಲ ಬೆನ್ನು ಹತ್ತಿದವನನ್ನು ಬಿಟ್ಟು ತಾನೇ ಕಳೆದುಹೋದಾಗ ಮಾಲೀಕ ಗುಡುಗಿದ್ದ: "ಇನ್ನೊಂದ್ಸಲ ಹೀಗಾದ್ರೆ ಮನೆ ದಾರಿ ಹಿಡೀರಿ!"

ಅಂಥವನನ್ನೇ ಬೇಕೆಂದು ಕೇಳಿ ಬಂದಿದ್ದರು ಹಲ್ಲಿನ ಡಾಕ್ಟರಮ್ಮ. ಅವನ ಹೆಂಡತಿ ಹಲ್ಲುನೋವೆಂದು ಎಡತಾಕುತ್ತಿದ್ದದ್ದು ಅವರ ಕ್ಲಿನಿಕ್ಕಿಗೇ.

"ನನ್ನ ಗಂಡ ದಿನಾ ಸಂಜೆ ಎಲ್ಲಿಗೆ ಹೋಗ್ತಾರೆ ಅಂತ ನೀವೇ ಕಣ್ಣಾರೆ ನೋಡ್ಬೇಕು. ಬೇರೆಯವರು ಬೇಡ," ಎಂದಿದ್ದರು. ಅವನ ಎದೆ ಉಬ್ಬಿತ್ತು.

ಆಸಾಮಿ ಎತ್ತರದ ಗೋಡೆಯೊಂದರ ಹಿತ್ತಲ ಬಾಗಿಲನ್ನು ಮೆಲ್ಲಗೆ ತಟ್ಟಿದ. ಯಾರೋ ತೆರೆದರು. ಅವನು ಒಳಗೆ ನುಸುಳಿದ್ದೇ ತಡ, ಚಿಲಕ ಬಿತ್ತು.

ಸಿಕ್ಕಿಬಿದ್ದ! ಕೆಲಸ ಉಳಿಯಿತು! ದಿಕ್ಸೂಚಿಗೆ ಅಲ್ಲೇ ಕುಣಿಯುವಷ್ಟು ಖುಷಿ. ತಲೆಯೆತ್ತಿ ನೋಡಿದ. ಮಹಡಿಯ ತಂತಿಯ ಮೇಲೆ ಗಂಡಸಿನ ಚೌಕಳಿ ಶರ್ಟೊಂದು ಒಣಗುತ್ತಿತ್ತು. ತನ್ನ ಹತ್ತಿರವೂ ಇಂಥದೇ ಇದೆ. ಅಗ್ಗದ ಮಾಲು, ಊರಿಗೆಲ್ಲ ಒಂದೇ. ಅಂದರೆ ಈ ಮನೆಗೂ ಒಬ್ಬ ಯಜಮಾನನಿದ್ದಾನೆ. ಪಾಪ, ಕಣ್ಣಿದ್ದೂ ಕುರುಡ! ಅವನಿಗಾಗಿ ನಿಜಕ್ಕೂ ಮರುಕವಾಯಿತು.

ಆದರೆ ಇದು ಯಾವ ಬೀದಿ? ಎತ್ತ ನೋಡಿದರೂ ಹಿತ್ತಲ ಗೋಡೆಗಳೇ. ವಿಳಾಸವಿಲ್ಲದೆ ಡಾಕ್ಟರಮ್ಮನಿಗೆ ಏನೆಂದು ಹೇಳುವುದು? ತಲೆ ಕೆರೆದುಕೊಳ್ಳುತ್ತಿರುವಾಗಲೇ ಫೋನು ಗುಂಯ್‌ಗುಟ್ಟಿತು. ಹೆಂಡತಿ. ದಿನವೂ ಇದೇ ಹೊತ್ತಿಗೆ ತಪ್ಪದೆ ವಿಚಾರಿಸಿಕೊಳ್ಳುವ ಪುಣ್ಯಾತ್ಗಿತ್ತಿ.

"ರೀ, ಎಲ್ಲಿದ್ದೀರಿ?"

"ಎಲ್ಲಿದ್ದೀನೋ ನನಗೇ ಗೊತ್ತಿಲ್ಲ ಕಣೇ," ಎಂದು ಪಿಸುಗುಟ್ಟಿದ. "ಮತ್ತೆ ದಾರಿ ತಪ್ಪಿದೆ. ಬರೋದು ತಡವಾಗುತ್ತೆ."

"ಅಯ್ಯೋ, ಅದಕ್ಕೇನಂತೆ! ಆತುರ ಪಡ್ಬೇಡಿ, ನಿಧಾನವಾಗೇ ಬನ್ನಿ," ಎಂದಳು ಅಕ್ಕರೆಯಿಂದ.

ಅಷ್ಟರಲ್ಲಿ ಕುಕ್ಕರ್ ಕೂಗಿತು: ಅವನ ಒಂದು ಕಿವಿಗೆ ಫೋನಿನೊಳಗಿಂದ, ಇನ್ನೊಂದು ಕಿವಿಗೆ ಗೋಡೆಯಾಚೆಯಿಂದ.