ಡಾಕ್ಟರು ತೊಟ್ಟ ನೋವು

ಶಸ್ತ್ರಚಿಕಿತ್ಸೆಯಾಗಿ ವರ್ಷ ಕಳೆದ ಮೇಲೆ ರೋಗಿಯ ನೋವನ್ನು ಡಾಕ್ಟರು ಒಮ್ಮೆ ತಾವೇ ತೊಟ್ಟು ನೋಡಬೇಕು. ಈಗ ಎಲ್ಲ ಆಸ್ಪತ್ರೆಗಳಲ್ಲೂ ಅದೇ ರೂಢಿ. ಡಾ. ಮುಕ್ತಾ ಒಂದು ಬೂದು ಪಟ್ಟಿಯನ್ನು ಬಸಲಿಂಗವ್ವನ ಶಸ್ತ್ರಚಿಕಿತ್ಸೆಯಾದ ಮೊಣಕಾಲಿಗೆ ಸುತ್ತಿ, ಅದರ ಜೋಡಿಯನ್ನು ತಮ್ಮ ಮೊಣಕಾಲಿಗೆ ಕಟ್ಟಿಕೊಂಡರು. ಬಿಚ್ಚುವವರೆಗೆ ಆ ನೋವು ಅವರದು, ಬಸಲಿಂಗವ್ವನಿಗಿಲ್ಲ.

"ಎಕ್ಸ್‌ರೇ ಚೊಲೋ ಬಂದದಲ್ರೀ ಮೇಡಂ. ಅವ್ವಗ ನೋವು ನೋವು ಅನ್ನೋದ ಚಟ ಆಗೇದ," ಎಂದ ಮಗ ಈರಣ್ಣ.

ವರ್ಷವಿಡೀ ಹೇಳಿ ಹೇಳಿ ಬಸಲಿಂಗವ್ವನಿಗೆ ಸಾಕಾಗಿತ್ತು.

ಮುಕ್ತಾ ಆಸ್ಪತ್ರೆಯ ಮೆಟ್ಟಿಲು ಹತ್ತಿದರು. ಏನೂ ಆಗಲಿಲ್ಲ. ಇಳಿಯುವಾಗ ಮಾತ್ರ ಮೊಣಕಾಲಿನ ಚಿಪ್ಪಿನ ಕೆಳಗೆ ದಬ್ಬಣ ಚುಚ್ಚಿದಂತಾಗಿ, ಕಂಬಿ ಹಿಡಿದುಕೊಂಡು ಅಲ್ಲೇ ಕುಸಿದು ಕೂತರು.

ನೋವಿಲ್ಲದ ಕಾಲಿನಲ್ಲಿ ಬಸಲಿಂಗವ್ವ ಸರಸರನೆ ಮೆಟ್ಟಿಲೇರಿ ಹೋಗಿ ಅವರ ಪಕ್ಕ ಕೂತಳು. "ಬಿಚ್ಚರಿ ಯವ್ವಾ, ನಂದು ನನಗ ಕೊಡ್ರಿ. ನಿಮಗ ರೂಢಿ ಇಲ್ಲ."

"ಇರ್ಲಿ ಅವ್ವಾ," ಎಂದು ಮುಕ್ತಾ ಹಣೆಯ ಬೆವರು ಒರೆಸಿಕೊಂಡರು. "ಎಕ್ಸ್‌ರೇದಾಗ ಕಾಣಂಗಿಲ್ಲ, ಆದ್ರ ನೋವು ಖರೇನ ಅದ. ಎಲ್ಲಿ ಅಂತ ಈಗ ಗೊತ್ತಾತು. ಸರಿ ಮಾಡೋಣು."

ಕೆಳಗೆ ನಿಂತಿದ್ದ ಈರಣ್ಣನ ಮುಖ ಸಣ್ಣದಾಯಿತು. ಅವನು ಮೇಲೆ ಬಂದು ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿದ. "ನನಗೂ ಒಮ್ಮೆ ಕಟ್ರಿ ಮೇಡಂ."

ಬಸಲಿಂಗವ್ವ ಡಾಕ್ಟರ ಕಾಲಿನ ಪಟ್ಟಿಯನ್ನು ಎರಡೂ ಕೈಯಿಂದ ಮುಚ್ಚಿ ಹಿಡಿದಳು.

"ಅಂವಗ ಬ್ಯಾಡ್ರಿ," ಎಂದಳು. "ಅಂವಾ ನಂಬಿದನಲ್ಲ, ಅಷ್ಟ ಸಾಕು."