ಎಂಟನೆಯ ಕಿಟಕಿ

ಅಂದು ಬೆಳಿಗ್ಗೆ ಕ್ಯಾಲಿಫೋರ್ನಿಯಾದ ಪಸಡೀನಾ ಊರಿನ ಮೇಲೆ ಜೂನ್ ತಿಂಗಳ ಮಬ್ಬು ಮುಸುಕಿ, ಹತ್ತು ಗಂಟೆಯಾದರೂ ಬೆಟ್ಟಗಳು ಕಂಡಿರಲಿಲ್ಲ. ಇಂಜಿನಿಯರ್ ನೌಶೀನಳ ತಲೆಯೊಳಗೂ ಅದೇ ಮಬ್ಬು. ಅವಳ ಮೇಜಿನ ಮೇಲಿದ್ದುದು ಹೊಸ ಸಹಾಯಕ ಶಿಶಿರ್ ಅಳೆದು ತಂದ, ಇಂಗ್ಲೆಂಡಿನ ಹಳ್ಳಿಗಾಡಿನ ಹಳೆಯ ಬಂಗಲೆಯೊಂದರ ನಕ್ಷೆ. ಕಾನೂನಿನ ರಕ್ಷಣೆಯಿರುವ, ಒಂದು ಕಲ್ಲನ್ನೂ ಕದಲಿಸುವಂತಿಲ್ಲದ ಮನೆ. ಮುಂಗೋಡೆಯಲ್ಲಿ ಹೊರಗಿನಿಂದ ಎಣಿಸಿದರೆ ಎಂಟು ಕಿಟಕಿ, ಒಳಗಿನಿಂದ ಏಳೇ. ಬಿಸ್ಮಿಲ್ಲಾ ಹೇಳಿ ಇನ್ನೊಮ್ಮೆ ಎಣಿಸಿದಳು. ಏಳೇ.

“ಶಿಶಿರ್, ಒಂದು ರೂಮನ್ನೇ ನುಂಗಿ ನೀರು ಕುಡಿದ್ಯಲ್ಲೋ! ಅಳತೆ ತಗೊಂಡು ಬಾ ಅಂತ ಅಷ್ಟು ದೂರ ಕಳಿಸಿದ್ದು ಇದಕ್ಕಾ?”

“ಇಲ್ಲ ಮೇಡಂ, ಮುಟ್ಟಿ ನೋಡಿದ್ದೇನೆ. ಹೊರಗೆ ಗಾಜು ಉಂಟು, ಒಳಗೆ ಬರೀ ಗೋಡೆ. ನಂಗೂ ತಲೆಬುಡ ಗೊತ್ತಾಗ್ಲಿಲ್ಲ.”

“ಕಿಟಕಿ ಇದ್ದಮೇಲೆ ಕೋಣೆ ಇರಲ್ವಾ? ಸುಳ್ಳು ಬೇರೆ! ಇವತ್ತೇ ನಿನ್ನನ್ನ ಈ ಪ್ರಾಜೆಕ್ಟಿಂದ ತೆಗೆಸ್ತೀನಿ.”

ಅದು ಅವನ ಮೊದಲ ಕೆಲಸ. ಶಿಶಿರನ ಮುಖ ಸುಣ್ಣವಾಯಿತು.

ಆಫೀಸಿನ ಹಿರಿಯ ನಕ್ಷೆಗಾರ ಎಜಾಜ್ ಅಂಕಲ್ ಕನ್ನಡಕ ಏರಿಸಿ ಹಾಳೆಯ ಮೇಲೆ ಬಾಗಿದರು. “ನಮ್ಮ ಮಸೀದಿಯ ಮಿಹ್ರಾಬ್ ಕಮಾನಿನ ಹಿಂದೆ ಯಾವ ರೂಮಿದೆಯಮ್ಮ? ಬಾಗಿಲಿನ ಹಾಗೇ ಕಾಣುತ್ತೆ, ಆಚೆಗೆ ದಾರಿ ಇಲ್ಲ. ನಮಾಜಿಗೆ ಮುಖ ಎತ್ತ ಮಾಡ್ಬೇಕು ಅಂತ ತೋರ್ಸೋಕೆ ಇರೋದು. ಇದೂ ಬೆಳಕಿಗೆ ಅಂತ ಇಟ್ಟ ಕಿಟಕಿ ಅಲ್ಲ. ಮುಂಬಾಗಿಲ ಆ ಕಡೆ ನಾಲ್ಕು, ಈ ಕಡೆ ನಾಲ್ಕು ಸಮ ಕಾಣ್ಲಿ ಅಂತ ಕಟ್ಟಿದೋರು ಗೋಡೆಗೇ ಗಾಜು ಕೂರಿಸಿದ್ದಾರೆ.”

ಬುದ್ಧಿ ಬಂದಾಗಿನಿಂದ ನೋಡುತ್ತಿದ್ದ ಆ ಕಮಾನಿನ ಹಿಂದೆ ಕೋಣೆ ಎಲ್ಲಿ ಎಂದು ಅವಳು ಒಮ್ಮೆಯೂ ಕೇಳಿರಲಿಲ್ಲ. ನೌಶೀನ್ ಹಾಳೆಯನ್ನು ಎರಡೂ ಕೈಯಲ್ಲಿ ಎತ್ತಿ ಶಿಶಿರನಿಗೆ ಕೊಟ್ಟಳು.

“ನೀನು ಅಳೆದದ್ದೇ ಸರಿ. ಸುಳ್ಳು ಅಂದೆನಲ್ಲ, ಆ ಮಾತನ್ನ ವಾಪಸ್ ತಗೊಂಡೆ. ಮಾಫ್ ಮಾಡು.”