ಎರಡನೆಯ ಅಂಕಿ

ಎದೆನೋವೆಂದು ಬಂದವರ ರಕ್ತದಲ್ಲಿ ಆ ಆಸ್ಪತ್ರೆಯ ಲ್ಯಾಬಿನವರು ಎರಡು ಅಂಕಿ ನೋಡುತ್ತಿದ್ದರು. ಮೊದಲನೆಯದು ಹೃದಯಾಘಾತದ್ದು. ಎರಡನೆಯದು ಏರಿದ್ದರೆ, ಆ ಮನುಷ್ಯನಿಗೆ ತೀರ ಬೇಕಾದವರೊಬ್ಬರು ಸಂಜೆಯೊಳಗೆ ಸಾಯುತ್ತಾರೆ ಎಂದರ್ಥ. ಹೃದಯಕ್ಕೆ ಅದು ಮುಂಚೆಯೇ ತಿಳಿಯುತ್ತಿತ್ತು; ಊರಿನವರಿಗೆಲ್ಲ ಈ ವಿಷಯ ಗೊತ್ತಿತ್ತು. ತಪ್ಪಿಸುವ ಉಪಾಯ ಮಾತ್ರ ಯಾವ ವೈದ್ಯರಿಗೂ ಸಿಕ್ಕಿರಲಿಲ್ಲ.

ಆ ಬೆಳಿಗ್ಗೆ ಲ್ಯಾಬಿನ ಸುಮಂಗಲಾ, ನಿವೃತ್ತ ಬಸ್ ಕಂಡಕ್ಟರ್ ಗುರುಸಿದ್ದಪ್ಪನವರನ್ನು ಒಳಗೆ ಕರೆದು ಕೂರಿಸಿದಳು.

“ಕಾಕಾ, ನಿಮ್ಮ ಹೃದಯ ಚಲೋ ಐತ್ರಿ. ಎರಡನೇದು ಏರೇತಿ. ನಿಮಗ ಯಾರ್ಯಾರು ಅದಾರ್ರಿ?”

ಅವರು ಬಾಗಿಲಾಚೆ ನೋಡಿದರು. ಬೆಂಚಿನ ಮೇಲೆ ಹೆಂಡತಿ ನೀಲವ್ವ ಚಕ್ಕುಲಿ ಮುರಿದು ಪಕ್ಕದವರ ಕೂಸಿಗೆ ಕೊಡುತ್ತಿದ್ದರು.

“ಅಕಿ ಒಬ್ಬಾಕೀನ, ಯವ್ವಾ.”

ಮುಖ ಒರೆಸಿಕೊಂಡು ಅವರು ಹೊರಗೆ ಹೋದರು. “ಬರೇ ಗ್ಯಾಸಂತ. ನಡಿ, ಇವತ್ತ ಮನೀಗ ಬ್ಯಾಡ, ಕೆರಿ ದಂಡಿಗೆ ಹೋಗೂಣು,” ಎನ್ನುವುದು ಸುಮಂಗಲಾಳಿಗೆ ಕೇಳಿಸಿತು.

ಅವಳು ವರದಿಗೆ ಸಹಿ ಹಾಕುವಷ್ಟರಲ್ಲಿ, ನೀರು ಕುಡಿದು ಬರುತ್ತೇನೆಂದು ಗಂಡನನ್ನು ಗೇಟಿನಲ್ಲಿ ನಿಲ್ಲಿಸಿ ನೀಲವ್ವ ಒಬ್ಬರೇ ಮರಳಿ ಬಂದರು.

“ನಲವತ್ತು ವರ್ಷದಾಗ ಒಂದಿನಾನೂ ಅವರು ನನ್ನ ಕೆರಿ ದಂಡಿಗೆ ಕರದಿಲ್ಲ, ತಂಗಿ. ನನಗ ತಿಳೀತು. ತಿಳದೈತಂತ ಅವರ ಮುಂದ ಹೇಳಬ್ಯಾಡ.”

ನೀಲವ್ವ ಸೆರಗು ಸರಿಮಾಡಿಕೊಂಡರು. “ರಾತ್ರಿ ಅವರಿಗೆ ಯಾರು ಊಟಕ್ಕ ಹಾಕ್ತಾರೋ,” ಎಂದು ತಮ್ಮಷ್ಟಕ್ಕೇ ಅಂದು, ಗಂಡ ಕಾಯುತ್ತಿದ್ದ ಗೇಟಿನತ್ತ ಬೇಗ ಬೇಗ ನಡೆದರು.